ಮಗಳ ಅಂಗೈಯಲ್ಲಿದ್ದ ಅರ್ಧ ಸೂಜಿ

ಪ್ರಯೋಗ ಚಿಕಿತ್ಸಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ನನ್ನ ಮಗಳು ಸುಳ್ಳು ಹೇಳಿದಳೆಂದು ನೀವು ಅವಳ ಹೆಸರನ್ನು ಚಿಕಿತ್ಸೆಯ ಪಟ್ಟಿಯಿಂದ ಹೊಡೆದುಹಾಕಿದ್ದೀರಿ. ಸುಳ್ಳು ಹೇಳಿದವಳು ಅವಳಲ್ಲ, ನಾನು. ಇದನ್ನು ನಿಮ್ಮ ಕೋಣೆಯಲ್ಲಿ ತಗ್ಗಿದ ದನಿಯಲ್ಲಿ ಹೇಳಿ ಹೋಗಲು ಮೂರು ಸಲ ಬಂದೆ. ಮೂರು ಸಲವೂ ನೀವು ಸಭೆಯಲ್ಲಿದ್ದಿರಿ. ಹಾಗಾಗಿ ಊರೆಲ್ಲ ಓದುವ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ. ಮೂವತ್ತೆಂಟು ವರ್ಷ ತಲೆಯೆತ್ತಿ ಹೊಲಿಗೆ ಅಂಗಡಿ ನಡೆಸಿದವಳಿಗೆ ಇದು ಸುಲಭವೆಂದು ತಿಳಿಯಬೇಡಿ.

ಅವಳ ಕುತ್ತಿಗೆಯಲ್ಲಿ ಕ್ಯಾನ್ಸರ್ ಗಡ್ಡೆ ಇದೆ. ಒಮ್ಮೆ ತೆಗೆದದ್ದು ಮತ್ತೆ ಬಂದು ರಕ್ತನಾಳಕ್ಕೆ ಅಂಟಿಕೊಂಡಿದೆ, ಇನ್ನೊಮ್ಮೆ ಕೊಯ್ಯುವಂತಿಲ್ಲ. ಉಳಿದಿರುವುದು ನಿಮ್ಮ ಪ್ರಯೋಗ ಒಂದೇ. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳನ್ನು ಗಡ್ಡೆಯೊಳಗೆ ಬಿಡುತ್ತೀರಿ. ಸ್ಕ್ಯಾನ್ ಮಾಡಿದಾಗ ಗಡ್ಡೆ ಎಲ್ಲಿಂದ ಎಲ್ಲಿಯವರೆಗಿದೆ ಎಂದು ಅವು ತೋರಿಸುತ್ತವೆ. ಆಮೇಲೆ ಇನ್ನೊಂದು ಯಂತ್ರದಲ್ಲಿ ಅಯಸ್ಕಾಂತದ ಸೆಳೆತವನ್ನು ಬಿಡುವಿಲ್ಲದೆ ಅತ್ತಿತ್ತ ತಿರುಗಿಸಿದರೆ ಅವೇ ಕಣಗಳು ಬಿಸಿಯಾಗಿ ಗಡ್ಡೆಯನ್ನು ಒಳಗಿನಿಂದ ಬೇಯಿಸುತ್ತವೆ. ನಿಮ್ಮ ಕಿರಿಯ ವೈದ್ಯೆ ಇದನ್ನೆಲ್ಲ ಬಿಡಿಸಿ ಹೇಳಿದಾಗ, "ಅಂದ್ರೆ ಗುರುತು ಹಾಕೋ ಸೀಮೆಸುಣ್ಣವೇ ಕತ್ತರಿನೂ ಆಗುತ್ತೆ ಅನ್ನಿ" ಎಂದೆ. "ನಮ್ಮ ದೊಡ್ಡ ಡಾಕ್ಟ್ರಿಗೂ ಇಷ್ಟು ಚೆನ್ನಾಗಿ ಹೇಳೋಕೆ ಬರಲ್ಲಮ್ಮ" ಎಂದು ಆಕೆ ನಕ್ಕರು. ನಾನು ಬೀಗಿದೆ. ಅದು ನನ್ನ ಹಳೆಯ ರೋಗ.

ಮೊದಲ ಸ್ಕ್ಯಾನಿನ ದಿನ ನಿಮ್ಮ ಗುಮಾಸ್ತರು ಮೊಗಸಾಲೆಯಲ್ಲೇ ಫಾರ್ಮು ತುಂಬಿಸಿದರು. ಮುಟ್ಟು ನಿಂತಿದೆಯೇ ಎಂಬುದನ್ನೂ ಸಾಲಿನಲ್ಲಿದ್ದ ಇಪ್ಪತ್ತು ಜನರ ಕಿವಿಗೆ ಬೀಳುವಂತೆ ಕೇಳಿದರು. ಕಾಣದ ಕಣವನ್ನು ಅಷ್ಟು ಜೋಪಾನ ಮಾಡುವವರಿಗೆ ಎದುರಿಗೆ ಕುಳಿತ ಹೆಂಗಸು ಕಾಣುವುದಿಲ್ಲವೇ?

"ಮೈಯೊಳಗೆ ಲೋಹ ಏನಾದ್ರೂ ಇದೆಯಾ? ರಾಡು, ಪ್ಲೇಟು, ಚೂರು?"

ಮಗಳು ನನ್ನ ಮುಖ ನೋಡಿದಳು. ಸಾಲಿನಲ್ಲಿ ನನ್ನ ಗಿರಾಕಿಗಳು ಇಬ್ಬರಿದ್ದರು.

"ಅವಳಿಗೆ ಯಾಕಿರುತ್ತೆ? ನಮ್ಮಲ್ಲಿ ಒಂದು ಸೂಜಿನೂ ಆಚೀಚೆ ಆಗಲ್ಲ" ಎಂದೆ.

ಅವರು ಇಲ್ಲವೆಂದು ಗೀಟು ಎಳೆದರು. ಅವಳನ್ನು ಕೇಳಲಿಲ್ಲ. ಸಹಿಯನ್ನು ಮಾತ್ರ ಅವಳಿಂದಲೇ ಹಾಕಿಸಿದರು.

ಈಗ ಆ ಸೂಜಿಯ ಕಥೆ. ನಮ್ಮ ಅಂಗಡಿಯಲ್ಲಿ ಸಂಜೆ ಬಾಗಿಲು ಹಾಕುವ ಮುಂಚೆ ನೆಲದ ಮೇಲೆ ಅಯಸ್ಕಾಂತ ಆಡಿಸಿ ಬಿದ್ದ ಸೂಜಿಗಳನ್ನೆಲ್ಲ ಎತ್ತಿ ಎಣಿಸುತ್ತೇವೆ. ಮಕ್ಕಳ ಬಟ್ಟೆಯಲ್ಲಿ ಸೂಜಿ ಉಳಿದರೆ ಗತಿಯೇನು? ಇದು ನಾನು ಮಾಡಿದ ನಿಯಮ. ಮಗಳಿಗೆ ಆಗ ಹನ್ನೆರಡು ವರ್ಷ. ಶಾಲೆಯ ಸಮವಸ್ತ್ರದ ದೊಡ್ಡ ಕೆಲಸ ಬಂದಿತ್ತು, ಜ್ವರವಿದ್ದರೂ ಅವಳನ್ನು ಕಾಜ ಹೊಲಿಯಲು ಕೂರಿಸಿದೆ. ತೂಕಡಿಸಿ ಕೈಯೂರಿದಳು. ಸೂಜಿ ಹೆಬ್ಬೆರಳ ಬುಡಕ್ಕೆ ಹೊಕ್ಕು ಮುರಿಯಿತು. ಅರ್ಧ ಹೊರಗೆ ಬಂತು, ಅರ್ಧ ಒಳಗೇ ಉಳಿಯಿತು. ಮರುದಿನ ತೋರಿಸಿದಾಗ ಬೀದಿಯ ವೈದ್ಯರು, "ನೋವು ಕೊಡದಿದ್ರೆ ಇರ್ಲಿ ಬಿಡಿ" ಎಂದರು. ಆದರೆ ಸೂಜಿ ಮುರಿದ ಸಂಜೆಯೇ ನಾನು ಹೊರಬಂದ ಅರ್ಧವನ್ನು ಡಬ್ಬಿಗೆ ಹಾಕಿ, ಅದನ್ನು ಒಂದು ಎಂದು ಎಣಿಸಿ, ಎಲ್ಲರೆದುರು "ಸರಿಯಾಯ್ತು" ಎಂದಿದ್ದೆ. ಅವಳಿಗೆ, "ಯಾರ ಹತ್ರನೂ ಬಾಯಿ ಬಿಡಬೇಡ, ಅಂಗಡಿ ಹೆಸರು ಹೋಗುತ್ತೆ" ಎಂದಿದ್ದೆ. ಮೂವತ್ತೊಂದು ವರ್ಷ ಬಾಯಿ ಬಿಡಲಿಲ್ಲ.

ನಿಮ್ಮ ಸ್ಕ್ಯಾನ್ ಯಂತ್ರವೇ ಒಂದು ದೊಡ್ಡ ಅಯಸ್ಕಾಂತ. ಮಗಳು ಅದರೊಳಗೆ ಹೋದ ಕೂಡಲೇ ಸೂಜಿ ಮಿಸುಕಿತು. ತಡೆದುಕೊಂಡಳಂತೆ, ಆಗದೆ ಗಂಟೆ ಒತ್ತಿದಳಂತೆ. ಹೊರಗೆ ಬಂದವಳ ಅಂಗೈ ಊದಿತ್ತು. "ಇಷ್ಟು ವರ್ಷ ಸುಮ್ನಿದ್ದೆ, ಇನ್ನರ್ಧ ಗಂಟೆ ಇರೋಣ ಅಂದ್ಕೊಂಡೆ ಅಮ್ಮಾ, ಆಗ್ಲಿಲ್ಲ" ಎಂದು ನನ್ನ ಕ್ಷಮೆ ಕೇಳಿದಳು. ಅವಳು, ನನ್ನ ಕ್ಷಮೆ! ಆ ಮೊಗಸಾಲೆಯಲ್ಲಿ ನೆಲ ನೋಡುತ್ತ ನಿಂತ ನಾನು ಇನ್ನೂ ತಲೆಯೆತ್ತಿಲ್ಲ.

ನಾಲ್ಕೇ ದಿನದಲ್ಲಿ ಬೇರೆ ಕಡೆ ಸೂಜಿ ತೆಗೆಸಿದೆವು. ಕೈಯಲ್ಲಿ ಲೋಹವಿಲ್ಲವೆಂಬ ಎಕ್ಸ್-ರೇ ನಿಮ್ಮ ಕಚೇರಿಯಲ್ಲಿದೆ. ಉತ್ತರವಾಗಿ ಎರಡು ಸಾಲು ಬಂತು: ತಪ್ಪು ಮಾಹಿತಿ ನೀಡಿದವರನ್ನು ಪ್ರಯೋಗಕ್ಕೆ ಸೇರಿಸಿಕೊಳ್ಳುವುದಿಲ್ಲ. ಒಳ್ಳೆಯ ನಿಯಮ. ನಿಯಮ ಮಾಡುವವರ ಸುಖ ನನಗೂ ಗೊತ್ತು, ಸ್ವಾಮಿ. ಎಣಿಕೆ ಸರಿಬಂದರೆ ಸಾಕು, ಯಾರ ಕೈಯಲ್ಲಿ ಏನು ಉಳಿಯಿತೆಂದು ನೋಡಬೇಕಿಲ್ಲ. ಆದರೆ ತಪ್ಪು ಮಾಹಿತಿ ನೀಡಿದವಳ ಕುತ್ತಿಗೆಯಲ್ಲಿ ಗಡ್ಡೆಯಿಲ್ಲ. ನಾನು ಗಟ್ಟಿಮುಟ್ಟಾಗಿದ್ದೇನೆ.

ಪಟ್ಟಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅಷ್ಟರೊಳಗೆ ಅವಳ ಹೆಸರನ್ನು ಮತ್ತೆ ಬರೆಯಿರಿ. ಫಾರ್ಮಿನ ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳಿ. ಬಾಗಿಲು ಹಾಕಿ, ಅವಳೊಬ್ಬಳನ್ನೇ ಕೂರಿಸಿ ಕೇಳಿ. ಎಲ್ಲ ರೋಗಿಗಳನ್ನೂ ಹಾಗೆಯೇ ಕೇಳಿ. ಜೊತೆಗೆ ಬಂದ ನನ್ನಂಥವರನ್ನು ಹೊರಗೆ ನಿಲ್ಲಿಸಿ. ನಾವು ಗೊಣಗುತ್ತೇವೆ, ಗೊಣಗಲು ಬಿಡಿ.

ತೆಗೆದ ಅರ್ಧವನ್ನು ಸೀಸೆಯಲ್ಲಿ ಹಾಕಿ ಕೊಟ್ಟಿದ್ದಾರೆ. ನಿನ್ನೆ ಸಂಜೆ ಅದನ್ನು ಅಂಗಡಿಗೆ ಒಯ್ದು, ಹೊಲಿಯುವ ಹುಡುಗಿಯರೆಲ್ಲರ ಮುಂದೆ ಡಬ್ಬಿಯ ಪಕ್ಕದಲ್ಲಿಟ್ಟು, ಅಂದಿನ ಎಣಿಕೆ ತಪ್ಪಾಗಿತ್ತು ಎಂದೆ. ಮಗಳು ಕಟ್ಟು ಹಾಕಿದ ಕೈಯಿಂದಲೇ ನನಗೆ ಕುರ್ಚಿ ಎಳೆದುಕೊಟ್ಟಳು.

ಇಂತಿ,
ತನ್ನದಲ್ಲದ ಪ್ರಶ್ನೆಗೆ ಉತ್ತರ ಕೊಟ್ಟ
ಒಬ್ಬ ತಾಯಿ