ಹಗ್ಗದ ಜೊತೆಗಿದ್ದ ಕೀಲಿಕೈ

ದೌಲತರಾಯ,

ನೀನು ನನಗೆ ಮಾರಿದ ಆ ಹಳೆಯ ಕಾರಿಗೆ ಹದಿನೈದು ವರ್ಷ ತುಂಬಿತು. ಇವತ್ತು ಫಿಟ್‌ನೆಸ್ ಪರೀಕ್ಷೆಯಲ್ಲಿ ಪಾಸಾಯಿತು. ಬ್ರೇಕು, ಸ್ಟೇರಿಂಗು, ಹೊಗೆ, ಯಾವುದರಲ್ಲೂ ತಪ್ಪು ಸಿಗಲಿಲ್ಲ. ನನಗೆ ನಂಬಿಕೆ ಬರಲಿಲ್ಲ.

"ಸರಿಯಾಗಿ ನೋಡೀರೇನ್ರಿ?" ಎಂದೆ.

ಇನ್ಸ್‌ಪೆಕ್ಟರು ನಕ್ಕರು. "ಪಾಸ್ ಆಗಿದ್ದಕ್ಕ ತಕರಾರು ಮಾಡೋರನ್ನ ಇವತ್ತೇ ನೋಡಿದೆ ನೋಡ್ರಿ."

ಅಷ್ಟು ಅಗ್ಗಕ್ಕೆ ಯಾಕೆ ಕೊಟ್ಟೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಸಾಲದ್ದಕ್ಕೆ, "ಎತ್ತು ಮಾರಿದ್ರೂ ಹಗ್ಗ ಕೊಡಬಾರ್ದಲೇ" ಎಂದು ಒಂದು ಕೀಲಿಕೈ ನಿನ್ನ ಹತ್ತಿರವೇ ಇಟ್ಟುಕೊಂಡೆ. ಎತ್ತಿನ ರೂಢಿ ಕಾರಿಗೆ ಯಾಕೆ? ಮರುದಿನವೇ ಅಫಜಲಪುರಕ್ಕೆ ಹೋಗಿ ಬೀಗಗಳನ್ನೆಲ್ಲ ಬದಲಿಸಿದೆ. ಅದರಲ್ಲಿ ತಪ್ಪೇನು?

ಇವತ್ತು ಪರೀಕ್ಷೆ ಮುಗಿಸಿ ಬರುವಾಗ ಇಜೇರಿಯಲ್ಲಿ ನಿಮ್ಮ ಮನೆಗೆ ಹೋದೆ. ನೀನು ತೀರಿಕೊಂಡ ಮೇಲೆ ಇದೇ ಮೊದಲು. ಗೌರಾಬಾಯಿ ವೈನಿ ಗೂಟಕ್ಕೆ ತೂಗುಹಾಕಿದ್ದ ಹಳೆಯ ಹಗ್ಗದಿಂದ ಕೀಲಿಕೈ ಬಿಚ್ಚಿ ಕೊಟ್ಟರು. "ಕಾರಹುಣ್ಣಿಮಿಗೆ ಹಗ್ಗಕ್ಕ ಕುಂಕುಮ ಹಚ್ಚುವಾಗ ನಮ್ಮ ಮನಿಯವರು ಇದಕ್ಕೂ ಹಚ್ಚತಿದ್ರು. ಗೆಳ್ಯಾನ ಗಾಡಿ ಎಲ್ಲೂ ಕೈಕೊಡಬಾರ್ದು ಅಂತಿದ್ರು."

ಊರ ಹೊರಗೆ ಬಂದು ಗಾಡಿ ನಿಲ್ಲಿಸಿದೆ. ಕುಂಕುಮ ಒರೆಸದೆ ಆ ಕೀಲಿಕೈಯನ್ನು ಬಾಗಿಲಿಗೆ ಹಾಕಿದೆ. ತಿರುಗಲಿಲ್ಲ. ತಿರುಗುವುದಿಲ್ಲ ಎಂದು ಗೊತ್ತಿತ್ತು. ಆದರೂ ಇನ್ನೊಮ್ಮೆ ತಿರುಗಿಸಿ ನೋಡಿದೆ.