ಭಂಡಾರ ತುಂಬಿದ ಕಿಟಕಿಗಳು

ಯಪ್ಪಾ,

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ ಎಂದು ಬರೆಯಲು ನನಗೆ ಈ ವಾರವಷ್ಟೇ ಧೈರ್ಯ ಬಂದಿದೆ. ಸುದ್ದಿ ಎರಡರದು. ಒಂದು ನಿನ್ನ ಹಳೆಯ ಕಾರು, ಇನ್ನೊಂದು ಅವ್ವ. ಎರಡನ್ನೂ ನನ್ನ ಕೈಗೆ ಕೊಟ್ಟು ಹೋದೆ; ಎರಡೂ ನನ್ನ ಮಾತು ಕೇಳುವುದಿಲ್ಲ.

ನೀನು ನನಗೆ ಕಾರು ಕಲಿಸಿದ್ದು ಜೋಳ ಕಿತ್ತ ಹೊಲದಲ್ಲಿ, ನೆನಪಿದೆಯೇ? ಮರೋಳದ ಅರ್ಧ ಊರು ಬದುವಿನ ಮೇಲೆ ನಿಂತು ನೋಡುತ್ತಿತ್ತು. ನಾನು ಗೇರು ಹಾಕಿದಾಗಲೆಲ್ಲ ಗಾಡಿ ಜಿಗಿದು ನಿಲ್ಲುತ್ತಿತ್ತು, ಮಂದಿ ನಗುತ್ತಿದ್ದರು. ಹೆಣ್ಣು ಹುಡುಗಿಗೆ ಇದೆಲ್ಲ ಯಾಕೆ ಎಂದು ಯಾರೋ ಕೇಳಿಯೇಬಿಟ್ಟರು. "ಕುರಿ ಹಿಂಡು ಹೊಡ್ಯಾಕ ಬರತೈತಿ, ಕಾರು ಹೊಡ್ಯಾಕ ಬರೂದಿಲ್ಲೇನು? ಕುರಿಕಿಂತ ಕಾರು ಹೇಳಿದ ಮಾತು ಕೇಳತೈತಿ," ಅಂದೆ ನೀನು. ಇವತ್ತು ನಾನು ಹುನಗುಂದದಲ್ಲಿ ಹೊಲಿಗೆ ಅಂಗಡಿ ಇಟ್ಟು ದಿನಾ ನನ್ನ ಪಾಡಿಗೆ ನಾನು ಹೋಗಿ ಬರುತ್ತೇನೆ ಅಂದರೆ ಅದು ಆ ದಿನದ ಪುಣ್ಯ. ಬದುಕಿದ್ದಾಗ ಇದನ್ನು ನಿನ್ನೆದುರು ಹೇಳಿದ್ದರೆ "ಸಾಕು ಸುಮ್ಕಿರು" ಎನ್ನುತ್ತಿದ್ದೆ. ಈಗ ತಡೆಯುವವರಿಲ್ಲ, ಹೇಳಿಬಿಡುತ್ತೇನೆ. ನೀನು ನನಗೆ ಭಾಳ ಕೊಟ್ಟೆ, ಯಪ್ಪಾ.

ಹಿಂದಿನ ಸೀಟಿನಲ್ಲಿ ಕುರಿ ಕೂರಿಸಿಕೊಂಡು ಇಳಕಲ್ಲಿನಿಂದ ಬರುತ್ತಿದ್ದವನು ನೀನೊಬ್ಬನೇ ಇರಬೇಕು. ಒಂದು ಗಬ್ಬದ ಕುರಿ ದಾರಿಯುದ್ದಕ್ಕೂ ಕಿಟಕಿಯ ರಬ್ಬರು ಮೆಲ್ಲುತ್ತ ಬಂದಿತ್ತು. ಗಾಜು ಏರಿಳಿಯಲು ಚೌಕಟ್ಟಿನೊಳಗೆ ಕಾಲುವೆಯಂತೆ ಒಂದು ರಬ್ಬರು ಇರುತ್ತದಲ್ಲ, ಅದೇ. ನಾನು ಬೈದರೆ, "ಬಿಡು, ಬಸರಿ ಐತಿ, ಬಯಕಿ ಇರತಾವು," ಎಂದು ಅದರ ಪರ ವಹಿಸಿದೆ. ಅಂದಿನಿಂದ ಆ ಬಾಗಿಲಿನ ಗಾಜು ಕಟಕಟ ಅನ್ನುತ್ತಿತ್ತು. ಉಳಿದ ಮೂರು ಬಾಗಿಲಿನವು ವಯಸ್ಸಾಗಿ ಒಣಗಿ ಸೀಳಿದವು. ನೀನು ಮಾಡಿದ ಔಷಧ ಒಂದೇ, ಕುಸುಬಿ ಎಣ್ಣೆ. ಬಂಡಿಯ ಕೀಲಿಗೆ ಎಣ್ಣೆ ಬಿಟ್ಟು ರೂಢಿಯಾದ ಕೈ ನೋಡು! ಆ ಎಣ್ಣೆ ಒಣಗಿ ಅಂಟಾಯಿತು, ಅದರ ಮೇಲೆ ಎರೆಮಣ್ಣಿನ ಧೂಳು ಕೂತಿತು. ಕೊನೆಗೆ ಗಾಜುಗಳು ಪೂರ್ತಿ ಏರುವುದನ್ನೇ ಬಿಟ್ಟವು. ಮೇಲೆ ಎರಡು ಬೆರಳು ತೂರುವಷ್ಟು ಸಂದು ಉಳಿಯಿತು.

ನೀನು ಹೋದ ಮೇಲೆ ಅವ್ವನಿಗೆ ದಮ್ಮು ಹೆಚ್ಚಾಯಿತು. ಬಾಗಲಕೋಟೆಯ ಡಾಕ್ಟರು ಮೇಲಿಂದ ಮೇಲೆ ತೋರಿಸಬೇಕು, ಧೂಳು ಮಾತ್ರ ತಾಗಬಾರದು ಅಂದರು. ಹೇಗೆ ತಾಗದಿರುತ್ತದೆ? ಬಸ್ಸಿನಲ್ಲಿ ಧೂಳು, ಬಾಡಿಗೆ ಗಾಡಿಯಲ್ಲಿ ಅವಳಿಗೆ ವಾಂತಿ, ನಮ್ಮ ಕಾರಿನಲ್ಲಿ ಆ ಎರಡು ಬೆರಳ ಸಂದು. ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂತರೂ ಅಮೀನಗಡ ದಾಟುವಷ್ಟರಲ್ಲಿ ಎದೆ ಸಿಳ್ಳೆ ಹೊಡೆಯುತ್ತಿತ್ತು. ತೋರಿಸಲು ಹೋಗುವ ದಾರಿಯಲ್ಲೇ ಬ್ಯಾನಿ ಹೆಚ್ಚಾದರೆ... ಬಾಗಲಕೋಟೆಯಲ್ಲಿರುವ ತಮ್ಮ ಒಂದು ದಿನ ಖಡಾಖಂಡಿತ ಹೇಳಿದ. ಮುಂದಿನ ಸಲ ದಾರಿಯಲ್ಲಿ ದಮ್ಮು ಎದ್ದರೆ ಅವ್ವನನ್ನು ತಿರುಗಿ ಕಳಿಸುವುದಿಲ್ಲ, ತನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದ. ಅವನದು ತಪ್ಪಲ್ಲ, ಅವ್ವನ ಮೇಲೆ ಅವನಿಗೂ ಜೀವ. ಆದರೆ ಅವ್ವ ಕುರಿದೊಡ್ಡಿಯ ಮುಂದೆ ಕೂತು, "ಅಲ್ಲಿ ಹೋದ್ರ ಉಸರು ಬರತೈತಿ ಖರೆ. ಕುಂತು ಏನ್ ಮಾಡ್ಲಿ?" ಅಂದಳು. ಮರುದಿನವೇ ನಾನು ಕಾರನ್ನು ಇಳಕಲ್ಲಿಗೆ ಒಯ್ದೆ.

ದಾವಲಸಾಬ್ ನಿನಗೆ ಗೊತ್ತೇ ಇದ್ದಾನೆ, ಇಳಕಲ್ಲಿನ ಗ್ಯಾರೇಜಿನವನು, ನಿನ್ನ ಚಹಾದ ಜೊತೆಗಾರ. ಕಿಟಕಿಯೊಳಗೆ ಬೆರಳಾಡಿಸಿ, "ಅಕ್ಕಾರ, ಇದು ರಬ್ಬರ್ ಅಲ್ರಿ, ಹಪ್ಪಳ ಆಗೇತ್ರಿ," ಅಂದ. ಇಂಜಿನ್ನು ಗಟ್ಟಿ ಇದೆ, ಹೊಸ ರಬ್ಬರು ತರಿಸುತ್ತೇನೆ, ಒಂದು ದಿನ ಗಾಡಿ ಬಿಟ್ಟುಹೋಗಿ ಎಂದ. ನಾನು ಕುಣಿಯುತ್ತ ಮನೆಗೆ ಬಂದರೆ ಅವ್ವ ಕಾರನ್ನು ಕಳಿಸಲು ಒಪ್ಪಲೇ ಇಲ್ಲ!

ಯಾಕೆ ಗೊತ್ತೇ? ನಿನ್ನ ದೆಸೆಯಿಂದ. ಹಬ್ಬ ಬಂದಾಗಲೆಲ್ಲ ನೀನು ನಾಲ್ಕೂ ಗಾಜು ಇಳಿಸಿ, ಬೀರಪ್ಪನ ಹೆಸರು ಹೇಳಿ, ಭಂಡಾರವನ್ನು ಮುಷ್ಟಿ ಮುಷ್ಟಿ ಕಾರಿನೊಳಗೆ ಎರಚುತ್ತಿದ್ದೆಯಲ್ಲ. ದೇವರ ಅರಿಶಿನ, ಒಮ್ಮೆ ಬಿದ್ದದ್ದನ್ನು ಒರೆಸಬಾರದು ಎಂದು ಒಂದು ಬಟ್ಟೆಯನ್ನೂ ಸೋಕಿಸಲು ಬಿಡುತ್ತಿರಲಿಲ್ಲ. ಅಷ್ಟೂ ಭಂಡಾರ ಕಿಟಕಿಯ ಸಂದಿಗೆ ಇಳಿದಿತ್ತು. "ಅದು ಗ್ಯಾರೇಜಿನ ನೆಲಕ್ಕ ಬಿದ್ದು ಕಂಡಕಂಡವರು ಚಪ್ಪಲಿ ಕಾಲಿಲೆ ತುಳೀಬೇಕೇನು? ನಿಮ್ಮಪ್ಪನ ಕೈಲೆ ಬಿದ್ದದ್ದದು," ಅಂದಳು ಅವ್ವ. ನನಗೆ ಸಿಟ್ಟು ನೆತ್ತಿಗೇರಿತು. ಭಂಡಾರ ಉಳಿಸಲು ಹೋಗಿ ನೀನೇ ಊರು ಬಿಡಬೇಕಾದೀತು, ಅವ್ವಾ, ಎಂದು ಕೂಗಾಡಿದೆ. ಅವಳು ಜಪ್ಪಯ್ಯ ಅನ್ನಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ದಾವಲಸಾಬ್ ತಾನೇ ಸಾಮಾನು ಕಟ್ಟಿಕೊಂಡು ಮರೋಳಕ್ಕೆ ಬಂದ. ನಾನು ಫೋನಿನಲ್ಲಿ ಗೋಳು ಹೇಳಿಕೊಂಡದ್ದಷ್ಟೇ, ಬಾ ಎಂದು ಕರೆದಿರಲಿಲ್ಲ. ಅಂಗಳದ ಹೊರಗೇ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, "ಒಂದು ಕಂಬಳಿ ಹಾಸ್ರಿ ಅವ್ವಾರ, ಒಂದು ಕಾಳೂ ನೆಲಕ್ಕ ಬೀಳಂಗಿಲ್ಲ," ಅಂದ. ಅವ್ವ ಒಳಗೆ ಹೋಗಿ ನಿನ್ನ ಕಂಬಳಿಯನ್ನೇ ತಂದು ಬಾಗಿಲ ಕೆಳಗೆ ಹಾಸಿದಳು. ನಾನು ದೂರ ನಿಂತೆ, ಮಾತಾಡಿದರೆ ಎಲ್ಲಿ ಕೆಡುತ್ತದೋ ಅಂತ.

ಮೊದಲ ರಬ್ಬರು ಎಳೆದಾಗ ಏನು ಬಂತು ಅಂತೀ? ಒಣಗಿ ಬೆಲ್ಲದಚ್ಚಿನಂತಾದ ಹಳದಿ ಹೆಂಟೆಗಳು. ಒಂದು ಪದರು ಎಣ್ಣೆ, ಒಂದು ಪದರು ಧೂಳು, ಒಂದು ಪದರು ಭಂಡಾರ. ದಾವಲಸಾಬ್ ಒಂದು ಹೆಂಟೆಯನ್ನು ಮೂಸಿ ನೋಡಿ, "ಎಣ್ಣಿ, ಅರಿಶಿಣ... ಮಾಳಪ್ಪ ಕಾಕಾ ಗಾಜಿಗೂ ಒಗ್ಗರಣಿ ಹಾಕ್ಯಾನಲ್ರಿ," ಅಂದ. ಅವ್ವ ನಕ್ಕಳು. ನೀನು ಹೋದ ಮೇಲೆ ಮೊದಲ ಸಲ ನಕ್ಕಳು, ಯಪ್ಪಾ. ನಕ್ಕು ನಕ್ಕು ಕೆಮ್ಮು ಬಂದು ನಾವಿಬ್ಬರೂ ಗಾಬರಿ ಬಿದ್ದೆವು. ನಾನು ಒಂದು ಹೆಂಟೆ ಕೈಯಲ್ಲಿ ಹಿಡಿದೆ. ನಾವು ಹುಡುಗರಿದ್ದಾಗಿನ ಹಬ್ಬಗಳೆಲ್ಲ ಅದರೊಳಗಿವೆ ಅನ್ನಿಸಿ ಅಳು ತಡೆಯಲಾಗಲಿಲ್ಲ. ನಮಗೆ ಏನೂ ಆಗಬಾರದು ಎಂದೇ ಅಲ್ಲವೇ ನೀನು ಅಷ್ಟು ಎರಚಿದ್ದು?

ಒಂದು ಬಾಗಿಲು ದಾವಲಸಾಬ್ ಮಾಡಿ ತೋರಿಸಿದ, ಉಳಿದ ಮೂರನ್ನು ನಾನೇ ಮಾಡಿದೆ. ಮೊದಲು ಮೂಲೆ ಕೂರಿಸಬೇಕು, ಆಮೇಲೆ ಎರಡೂ ಕಡೆ ಕೆಳಗೆ ಒತ್ತುತ್ತ ಬರಬೇಕು, ಎಳೆಯಬಾರದು. ರವಿಕೆಯ ಕೊರಳಿಗೆ ಪೈಪಿಂಗ್ ಇಟ್ಟಂತೆಯೇ! ಜಾರಲಿ ಎಂದು ಸೋಪಿನ ನೀರು ಹಚ್ಚಿದೆವು. ಎಣ್ಣೆಯ ಡಬ್ಬಿಯನ್ನು ನಾನು ಅಡಿಗೆಮನೆಯಿಂದ ಹೊರಗೆ ಬರಗೊಡಲಿಲ್ಲ. ಹಿಡಿಕೆ ತಿರುವಿದರೆ ಗಾಜು ಸದ್ದಿಲ್ಲದೆ ಏರಿ ಮೇಲಿನ ಅಂಚಿಗೆ ಹೋಗಿ ಕೂತಿತು. ನಾನು ಬರೀ ಅದನ್ನು ಏರಿಸುವುದು, ಇಳಿಸುವುದು ಮಾಡುತ್ತ ನಿಂತೆ. ಅವ್ವ ಭಂಡಾರವನ್ನೆಲ್ಲ ಕಂಬಳಿಯ ಸಮೇತ ಎತ್ತಿಕೊಂಡು ಹೋಗಿ ಗುಡಿಯ ಹಿಂದಿನ ಬೇವಿನ ಬುಡಕ್ಕೆ ಹಾಕಿ ಕೈಮುಗಿದು ಬಂದಳು.

ಮೊನ್ನೆ ಬಾಗಲಕೋಟೆಗೆ ಹೊರಟಾಗ ಎದುರಿಗೆ ಕಲ್ಲಿನ ಲಾರಿಗಳು ಸಾಲುಗಟ್ಟಿದ್ದವು. ರಸ್ತೆ ಕಾಣದಷ್ಟು ಧೂಳು. ನಾನು ದಾರಿಗಿಂತ ಹೆಚ್ಚು ಅವ್ವನ ಎದೆಯ ಸದ್ದನ್ನೇ ಕೇಳುತ್ತಿದ್ದೆ. ಅಮೀನಗಡ ಬಂತು, ದಾಟಿತು. ಅವಳ ಸೆರಗು ಹೆಗಲ ಮೇಲೆಯೇ ಇತ್ತು. ದವಾಖಾನೆಯ ಬಾಗಿಲಲ್ಲಿ ನಿಂತಿದ್ದ ತಮ್ಮ, ದಮ್ಮು ಎದ್ದಿತೇ ಎಂದು ನನ್ನನ್ನು ಕೇಳುವ ಮೊದಲೇ ಅವ್ವ ತಾನೇ ಇಳಿದು ಮೆಟ್ಟಿಲು ಹತ್ತಿದಳು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಹೋದ ಸಲಕ್ಕಿಂತ ಭಾಳ ಸುಧಾರಿಸಿದೆ ಅಂದರು. ತಮ್ಮ ಕಾರಿನ ಹತ್ತಿರ ಬಂದು ಗಾಜಿನ ಅಂಚನ್ನು ಸವರಿ ನೋಡಿ, "ಹೋಗಿ ಬರ್ರಿ," ಅಂದ. ಅವನ ಕಣ್ಣುಗಳೂ ಒದ್ದೆಯಾಗಿದ್ದವು.

ಈಗ ನೀನು ಕೇಳದ ಸುದ್ದಿ. ದವಾಖಾನೆಯಲ್ಲಿ ಚೀಟಿ ಬರೆಯುವಾಕೆ ಗಂಡನ ಹೆಸರು ಕೇಳಿದಾಗ ಅವ್ವ ಎಂದಿನಂತೆ ನನ್ನ ಮುಖ ನೋಡಿದಳು, ನಾನೇ ಹೇಳಿದೆ. ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳಬಾರದು, ಹೇಳಿದರೆ ಒಡಪಿನ ಪ್ರಾಸದ ಸಾಲು ಕಟ್ಟಿ ಅದರೊಳಗೆ ಹೇಳಬೇಕು, ಅದೂ ಮುತ್ತೈದೆಯಾಗಿದ್ದಾಗ. ಅವಳು ಎಂದೂ ಹೇಳಿದ್ದನ್ನು ನಾನು ಕೇಳಿಲ್ಲ. ತಿರುಗಿ ಬರುವಾಗ ಗಾಜಿನ ಕಟಕಟವೂ ಇರಲಿಲ್ಲ. ಹುನಗುಂದ ದಾಟಿದ ಮೇಲೆ ಅವ್ವ ಮುಂದೆ ನೋಡುತ್ತಲೇ ಸಣ್ಣ ದನಿಯಲ್ಲಿ ಹೇಳಿದಳು:

"ಎರಿ ಹೊಲದ ಹಾದಿ, ಎದಿ ಮ್ಯಾಲಿಲ್ಲ ಭಾರ,
ಬಾಗಲಕೋಟಿ ನನಗ ಇನ್ನೇನು ದೂರ?
ನನ್ನ ಮನಿಗೆ ನನ್ನ ತಿರುಗಿ ತಂದೈತಿ ಮಾಳಪ್ಪನವರ ಕಾರ."

ಹೇಳಿ ತಾನೇ ಹೆದರಿದಳು. "ನಾ ಹೇಳಬಾರದಿತ್ತೇನು?" ಅಂದಳು.

ನಾನು ಕಾರನ್ನು ಬದಿಗೆ ನಿಲ್ಲಿಸಿ, "ಇನ್ನೊಮ್ಮಿ ಹೇಳಬೇ," ಅಂದೆ.

ಹೇಳಿದಳು, ಯಪ್ಪಾ. ಈ ಸಲ ಜೋರಾಗಿ.

ನಿನ್ನ ಮಗಳು,
ಗಂಗವ್ವ