ಅರವತ್ತನಾಲ್ಕು ಡಿಗ್ರಿ

ನವೆಂಬರ್ ೯, ಭಾನುವಾರ

ಪ್ರೀತಿಯ ಚಿಮಟಾ,

ಈ ಹೆಸರಿನಿಂದ ಕರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಆದರೆ ಹೊತ್ತು ಗೊತ್ತಿಲ್ಲದೆ ಕೈಯಲ್ಲಿ ಚಿಮಟ ಹಿಡಿದು, ಸಾಸಿವೆಗಿಂತ ಸಣ್ಣ ಬಿಡಿಭಾಗಗಳನ್ನು ಬೋರ್ಡಿನ ಮೇಲೆ ಕೂರಿಸುತ್ತಿದ್ದವಳನ್ನು ಬೇರೆ ಹೆಸರಿನಿಂದ ಕರೆಯಲು ನಾಲಿಗೆ ಹೊರಳುವುದಿಲ್ಲ. ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ಹೇಳಬೇಕಾದ್ದು ಒಂದೇ ವಿಷಯ. ನೇರವಾಗಿ ಅದಕ್ಕೇ ಬರುವ ಧೈರ್ಯವಿಲ್ಲ, ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ. ಸಹಿಸಿಕೋ.

ಹೋದ ತಿಂಗಳು ಟಾರ್ಚ್ ಅಂಗಡಿಯವರು ಫೋನ್ ಮಾಡಿದ್ದರು. ನಮ್ಮ ಹೆಬ್ಬೆರಳುದ್ದದ ಟಾರ್ಚನ್ನು ಜನ ಈಗಲೂ ಕೇಳಿಕೊಂಡು ಬರುತ್ತಾರಂತೆ. ಮತ್ತೆ ಮಾಡೋಣ, ಜೊತೆಗೆ ಅದರ ಕೋಡನ್ನು ಮೊದಲಿನಿಂದ ಕೊನೆಯವರೆಗೆ ಎಲ್ಲರೂ ಓದುವ ಹಾಗೆ ಬಿಟ್ಟುಬಿಡೋಣ, ಹವ್ಯಾಸಿಗಳು ತಮಗೆ ಬೇಕಾದಂತೆ ತಿದ್ದಿಕೊಳ್ಳಲಿ ಅಂದರು. ಅದಕ್ಕಾಗಿ ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸಿದೆ. ಬೆಸುಗೆಯ ವಾಸನೆ ಇನ್ನೂ ಹೋಗಿಲ್ಲ.

ನಿಮ್ಮ ಚಿಕ್ಕಮ್ಮನ ಹಿಂದಿನ ಕೋಣೆ ನೆನಪಿದೆಯಾ? ಇಸ್ತ್ರಿ ಮೇಜಿನ ಒಂದು ತುದಿಯಲ್ಲಿ ನೀನು, ಇನ್ನೊಂದು ತುದಿಯಲ್ಲಿ ನಾನು, ನಡುವೆ ಅವರ ಮಡಚದ ಬಟ್ಟೆಯ ಗುಡ್ಡ. ನಾವು ಮಾಡುತ್ತಿರುವುದು ಟಾರ್ಚಿನ ಡ್ರೈವರ್ ಅಂತ ಕೇಳಿ, "ಟಾರ್ಚಿಗೂ ಡ್ರೈವರ್ ಬೇಕೇನ್ರೇ, ಇಷ್ಟೇ ಇಷ್ಟುದ್ದ ಇದೆ, ಅದನ್ನ ಓಡಿಸೋದೇನು" ಅಂದಿದ್ದರು. ನೀನು ತಲೆ ಎತ್ತದೆ, ಸೆಲ್ಲು ಕುದುರೆ ಚಿಕ್ಕಮ್ಮ, ಈ ಬೋರ್ಡು ಲಗಾಮು, ಇಲ್ಲದಿದ್ದರೆ ದೀಪ ಸುಟ್ಟುಕೊಂಡು ಹೋಗತ್ತೆ ಅಂದೆ. ಅವರು ನನ್ನ ಕಡೆ ತಿರುಗಿ, ಹಾಗಾದ್ರೆ ಇವಳೇನು ಮಾಡ್ತಾಳೆ ಅಂತ ಕೇಳಿದರು. "ಲಗಾಮು ಯಾವಾಗ ಎಳೀಬೇಕು ಅಂತ ಗೊಣಗ್ತಾಳೆ" ಅಂತ ನೀನೇ ಅಂದೆ. ಅಂದಿನಿಂದ ನಾನು ಗೊಣಗಿ.

ಗೊಣಗದೆ ಏನು ಮಾಡಲಿ? ನಾಣ್ಯದಗಲದ ನಿನ್ನ ಬೋರ್ಡಿನ ಪುಟ್ಟ ಚಿಪ್‌ನಲ್ಲಿ ನನ್ನ ಕೋಡಿಗೆ ಸಿಕ್ಕಿದ್ದೇ ಒಂದು ಪುಟ ಬರಹದಷ್ಟೂ ಇಲ್ಲದ ಜಾಗ. ಒಂದು ಸಾಲು ಕೋಡ್ ಸೇರಿಸಬೇಕಾದರೆ ಇನ್ನೊಂದನ್ನು ಹೊರಗೆ ಹಾಕಬೇಕು. ಎಲ್ಲವನ್ನೂ ಚಿಕ್ಕದು ಮಾಡಿದೆ, ಅಂಕಿಗಳನ್ನು ಕೂಡ.

ಅತಿ ಮಂದ ಬೆಳಕಿಗೆ ನಾವು ಬೆಳದಿಂಗಳು ಅಂತ ಹೆಸರಿಟ್ಟಿದ್ದೆವು. ಅದು ನಡುಗದೆ ನಿಲ್ಲಬೇಕು ಅಂತ ಮೂರು ವಾರ ಒದ್ದಾಡಿದೆವು. ಹಗಲಲ್ಲಿ ಕತ್ತಲೆ ಎಲ್ಲಿಂದ ತರುವುದು? ಚಿಕ್ಕಮ್ಮನ ಬೀರುವಿನೊಳಗೆ ಇಬ್ಬರೂ ಮಂಡಿ ಮಡಚಿ ಕೂತು ಬಾಗಿಲೆಳೆದುಕೊಂಡೆವು. ಕಣ್ಣು ಒಗ್ಗಿದ ಮೇಲೆ ನಿನ್ನ ಅಂಗೈಯ ಗೆರೆಗಳು ಒಂದೊಂದಾಗಿ ಕಾಣಿಸಿಕೊಂಡವು. ಬೆಳಕು ಅಲುಗಲಿಲ್ಲ. ಅಷ್ಟರಲ್ಲಿ ಚಿಕ್ಕಮ್ಮ ಸ್ವೆಟರ್ ಹುಡುಕಿಕೊಂಡು ಬಂದು ಬಾಗಿಲು ತೆಗೆದರು. ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಸ್ವೆಟರ್ ಎಳೆದುಕೊಂಡು, ಬಾಗಿಲನ್ನು ಮೊದಲಿದ್ದ ಹಾಗೆಯೇ ಮುಚ್ಚಿ ಹೋದರು. ನಗು ತಡೆಯಲಾಗದೆ ನೀನು ಅವರ ಶಾಲನ್ನು ಬಾಯಿಗೆ ತುರುಕಿಕೊಂಡಿದ್ದೆ. ಅಷ್ಟು ಸಂತೋಷದ ಮಧ್ಯಾಹ್ನ ನನಗೆ ಆಮೇಲೆ ಬಂದಿಲ್ಲ.

ಸುತ್ತಾಟ ಸಾಕು, ವಿಷಯಕ್ಕೆ ಬರುತ್ತೇನೆ.

ನಾವು ಮಾಡಿಕೊಟ್ಟ ಇನ್ನೂರು ಟಾರ್ಚುಗಳ ಕಂತಿನಲ್ಲಿ ಒಂದು, ಪುಸ್ತಕ ಬೈಂಡಿಂಗ್ ಮಾಡುವ ಹಿರಿಯರೊಬ್ಬರ ಬಟ್ಟೆಚೀಲದೊಳಗೆ ತಾನಾಗಿ ಹೊತ್ತಿಕೊಂಡು ಕಾದು ಕೆಂಡವಾಯಿತು. ಹೊರಗೆ ತೆಗೆಯಲು ಹೋಗಿ ಅವರು ಬಲಗೈ ಸುಟ್ಟುಕೊಂಡರು. ಅಂಗಡಿಯವರು ಉಳಿದ ಅಷ್ಟನ್ನೂ ವಾಪಸ್ ತರಿಸಿ ನಮ್ಮ ಮುಂದಿಟ್ಟು, ತಪ್ಪು ಬೋರ್ಡಿನದ್ದೋ ಕೋಡಿನದ್ದೋ ಹೇಳಿ ಅಂದರು. ನೀನು ಒಂದು ವಾರ ಬೋರ್ಡನ್ನು ಜಾಲಾಡಿದೆ. ಏನೂ ಸಿಗಲಿಲ್ಲ. ಕೊನೆಗೆ ನೀನೇ, ಶಾಖ ಅಳೆಯುವ ಸೆನ್ಸರನ್ನು ದೀಪದಿಂದ ದೂರ ಇಟ್ಟುಬಿಟ್ಟೆನೇನೋ, ತಪ್ಪು ನನ್ನದೇ ಇರಬೇಕು ಅಂದೆ. ನಾನು ಅಲ್ಲ ಅನ್ನಲಿಲ್ಲ. ನೀನು ಕೆಲಸವನ್ನೇ ಬಿಟ್ಟೆ.

ತಪ್ಪು ನನ್ನದು. ನೀನು ಹೋಗಿ ಎರಡು ತಿಂಗಳಾದ ಮೇಲೆ ಕೋಡಿನಲ್ಲಿ ಸಿಕ್ಕಿತು. ಜಾಗ ಉಳಿಸಲು ಶಾಖವನ್ನು ಅರ್ಧರ್ಧ ಡಿಗ್ರಿಯ ಲೆಕ್ಕದಲ್ಲಿ ಒಂದು ಪುಟ್ಟ ಅಂಕಿಯೊಳಗೆ ಇಟ್ಟಿದ್ದೆ. ಅರವತ್ತನಾಲ್ಕು ಡಿಗ್ರಿ ಮುಟ್ಟಿದೊಡನೆ ಆ ಅಂಕಿ ತುಂಬಿ, ಹಳೆಯ ಸ್ಕೂಟರಿನ ಮೀಟರ್ ಮಗುಚಿದ ಹಾಗೆ, ಸೊನ್ನೆಗಿಂತ ಕೆಳಕ್ಕೆ ಮಗುಚುತ್ತಿತ್ತು. ಟಾರ್ಚು ತನಗೆ ಕೊರೆಯುವ ಚಳಿ ಅಂದುಕೊಂಡು ಇನ್ನಷ್ಟು ಉರಿಯುತ್ತಿತ್ತು. ನಾವು ಯಾವಾಗಲೂ ತೆರೆದ ಮೇಜಿನ ಮೇಲೆ ಪರೀಕ್ಷೆ ಮಾಡಿದ್ದೆವು. ಅಲ್ಲಿ ಐವತ್ತೈದಕ್ಕೇ ಬೆಳಕು ತಗ್ಗುತ್ತಿತ್ತು, ಅರವತ್ತನಾಲ್ಕು ಬಂದೇ ಇರಲಿಲ್ಲ. ಮುಚ್ಚಿದ ಚೀಲದಲ್ಲಿ ಬಟನ್ ಮತ್ತೆ ಮತ್ತೆ ಒತ್ತಿಕೊಂಡು, ಪ್ರತಿ ಸಲವೂ ಬೆಳಕು ಪೂರ್ತಿಗೇರಿ, ಶಾಖ ಅರವತ್ತನಾಲ್ಕಕ್ಕೆ ಬಂತು.

ಮುಂದಿನ ಕಂತಿನಲ್ಲಿ ಸದ್ದಿಲ್ಲದೆ ಸರಿಪಡಿಸಿದೆ. ಪಕ್ಕದಲ್ಲಿ "ಸಣ್ಣ ತಿದ್ದುಪಡಿ" ಅಂತ ಬರೆದೆ. ಜನ ಹೊಗಳಿದರು. ನಾನು ಕೇಳಿಸಿಕೊಂಡೆ.

ಈಗಲೂ ಹಳೆಯ ಕೋಡನ್ನು ಅಳಿಸಿ ಹೊಸದನ್ನಷ್ಟೇ ಕೊಡಬಹುದಿತ್ತು. ಒಂದು ದಿನ ಅಳಿಸಿಯೂ ಬಿಟ್ಟೆ. ಆಮೇಲೆ ಪೆಟ್ಟಿಗೆಯಲ್ಲಿದ್ದ ನಿನ್ನ ಬೋರ್ಡೊಂದನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದೆ. ಸೆನ್ಸರ್ ದೀಪಕ್ಕೆ ಅಂಟಿದಂತೆ, ಇರಬೇಕಾದ ಜಾಗದಲ್ಲೇ ಇತ್ತು. ಬೆಸುಗೆ ನಿನ್ನೆ ಹಾಕಿದ ಹಾಗೆ ಹೊಳೆಯುತ್ತಿತ್ತು. ಅಳಿಸಿದ್ದನ್ನು ಹುಡುಕಿ ವಾಪಸ್ ತಂದೆ.

ಅಂಗಡಿಯವರಿಗೆ ಹೇಳಿದೆ. ಅವರು "ಆ ಹುಡುಗಿ ಎದುರು ನಾನು ಏನೇನೋ ಅಂದುಬಿಟ್ಟಿದ್ದೆ ಕಣಮ್ಮ" ಅಂದರು. ಆಮೇಲೆ ಬೈಂಡಿಂಗ್ ಹಿರಿಯರ ಅಂಗಡಿಗೆ ಹೋದೆ. ಅಂಗೈಯಲ್ಲಿ ಕಲೆ ಹಾಗೇ ಇದೆ. ನಾನು ತಪ್ಪೊಪ್ಪಿಕೊಂಡಾಗ ಅವರು ಗೋಂದಿನ ಕುಂಚವನ್ನು ಪಕ್ಕಕ್ಕಿಟ್ಟರು.

"ಹಾಗಾದ್ರೆ ಅವಳು ಯಾತಕ್ಕೆ ಬರ್ತಿದ್ದಳು?" ಅಂತ ಕೇಳಿದರು.

ಆಗ ನನಗೆ ತಿಳಿದದ್ದು. ಅವರ ಕೈ ಮಾಯುವ ತನಕ, ಆರು ವಾರ, ನೀನು ದಿನಾ ಹೋಗಿ ಅವರ ಬಲಗೈಯಾಗಿ ಕೂತಿದ್ದೆಯಂತೆ. ಅವರು ಹೇಳಿದಂತೆ ಹಾಳೆ ಮಡಚಿ, ದಾರ ಎಳೆದು, ಬೆನ್ನು ಹೊಲಿದೆಯಂತೆ. ಕೈ ವಾಸಿಯಾದ ಮೇಲೂ ನೀನು ಅಲ್ಲಿಂದ ಬಿಟ್ಟು ಹೋಗಲಿಲ್ಲವಂತೆ. "ಚಿಮಟ ಹಿಡಿದ ಕೈ ನೋಡಮ್ಮ, ಸೂಜಿ ಬೇಗ ಒಲೀತು" ಅಂದರು. ಈಗ ನಿನ್ನದೇ ಬೈಂಡಿಂಗ್ ಅಂಗಡಿಯಿದೆ ಅಂತ ಹೇಳುವಾಗ ಸ್ವಂತ ಮಗಳ ಸುದ್ದಿ ಹೇಳಿದಷ್ಟು ಹಿಗ್ಗಿದ್ದರು. ಈ ವಿಳಾಸ ಬರೆದುಕೊಟ್ಟವರೂ ಅವರೇ.

ನೀನು ಮಾಡದ ತಪ್ಪಿಗೆ ಆರು ವಾರ ದುಡಿದೆ. ಮಾಡಿದ ನಾನು ಅವರ ಮನೆಯ ಬೀದಿಗೂ ಕಾಲಿಟ್ಟಿರಲಿಲ್ಲ.

ಕೋಡನ್ನು ತಪ್ಪಿನ ಸಮೇತ ಎಲ್ಲರಿಗೂ ಬಿಡುತ್ತಿದ್ದೇನೆ. ಆ ಸಾಲಿನ ಪಕ್ಕದಲ್ಲಿ, ಈ ದೋಷ ಕೋಡ್ ಬರೆದವಳದ್ದು, ಬೋರ್ಡ್ ಮಾಡಿದವಳದ್ದು ಅಲ್ಲ ಅಂತ ಬರೆದಿದ್ದೇನೆ. ಕ್ಷಮಿಸು ಅಂತ ಕೇಳುವುದಿಲ್ಲ. ಆ ಕೇಳಿಕೆಯೂ ನಿನ್ನ ಮೇಲೆ ಇನ್ನೊಂದು ಹೊರೆ. ಹೊಸ ಕಂತಿಗೆ ಬೋರ್ಡ್ ಬೇಕು. ನೀನು ಮಾಡುತ್ತೀಯಾ ಅಂತ ಅಂಗಡಿಯವರು ಕೇಳಲು ಹೇಳಿದ್ದಾರೆ. ಆಗದು ಅನ್ನುವುದಾದರೆ ಅವರಿಗೇ ತಿಳಿಸು, ನನಗೆ ಬರೆಯಲೇಬೇಕೆಂದಿಲ್ಲ.

ಎಂದೂ ನಿನ್ನವಳಾದ,
ಗೊಣಗಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಎರಡು ತಿಂಗಳಾದ ಮೇಲೆ ಸಿಕ್ಕಿತು ಅಂತ ಮೇಲೆ ಬರೆದಿದ್ದೇನೆ. ಅದು ಸುಳ್ಳು. ತಪ್ಪೊಪ್ಪಿಗೆಯಲ್ಲೂ ಒಂದು ಸುಳ್ಳು ಹೇಗೆ ನುಸುಳಿತು ಅಂತ ನೀನು ನೋಡಲಿ ಎಂದು ಅದನ್ನು ಹೊಡೆದುಹಾಕಿಲ್ಲ. ನೀನು ಕೆಲಸ ಬಿಟ್ಟು ಹೊರಡಲು ಬೆಸುಗೆ ಕಡ್ಡಿಯ ವೈರು ಸುತ್ತುತ್ತಿದ್ದ ಸಂಜೆ, ಆ ತಪ್ಪಿನ ಸಾಲು ನನ್ನ ಮುಂದೆ ಪರದೆಯ ಮೇಲಿತ್ತು. ನೀನು ಬಾಗಿಲಲ್ಲಿ ನಿಂತು, ಹೊರಡಲಾ ಅಂತ ಕೇಳಿದೆ. ನಾನು ಲ್ಯಾಪ್‌ಟಾಪ್ ಮುಚ್ಚಿ, ಹೂಂ ಅಂದೆ.